ಬೇಸಿಗೆಯ ಒಂದು ದಿನದ ಚಾರಣಕ್ಕೆ ಯಾರ ಜೊತೆ ಹೋಗಬೇಕು? ಮೂರು ಬಗೆಯ ತಂಡಗಳ ಹೋಲಿಕೆ

ಬೆಳಿಗ್ಗೆ ಹೊರಟು ಸಂಜೆಯೊಳಗೆ ಮನೆ ಸೇರಬಹುದಾದ ಬೆಟ್ಟಗಳಿಗೆ ಬೆಂಗಳೂರಿನ ಸುತ್ತ ಬರವಿಲ್ಲ. ಮಾಗಡಿಯ ಕಡೆ ಸಾವನದುರ್ಗವಿದೆ, ದಾಬಸ್‌ಪೇಟೆಯ ಬಳಿ ಶಿವಗಂಗೆಯಿದೆ, ದೊಡ್ಡಬಳ್ಳಾಪುರದಾಚೆ ಮಾಕಳಿದುರ್ಗ, ಚಿಕ್ಕಬಳ್ಳಾಪುರದ ಬಳಿ ಸ್ಕಂದಗಿರಿ ಇವೆ. ಪಶ್ಚಿಮ ಘಟ್ಟದಲ್ಲಿ ಕುಮಾರಪರ್ವತದಂತಹ ಹಾದಿಗಳನ್ನು ಕಾಳ್ಗಿಚ್ಚಿನ ಭಯದಿಂದ ಬೇಸಿಗೆಯಲ್ಲಿ ಅರಣ್ಯ ಇಲಾಖೆ ಮುಚ್ಚುವುದರಿಂದ, ಮಾರ್ಚ್‌ನಿಂದ ಮೇ ತನಕ ಚಾರಣದ ಹುಚ್ಚಿರುವವರೆಲ್ಲ ಈ ಕಲ್ಲುಬೆಟ್ಟಗಳತ್ತ ತಿರುಗುತ್ತಾರೆ. ಸದಸ್ಯರೇ ನಡೆಸುವ ಚಾರಣ ಕ್ಲಬ್, ತಲೆಗಿಷ್ಟೆಂದು ಶುಲ್ಕ ಪಡೆದು ಕರೆದೊಯ್ಯುವ ವಾರಾಂತ್ಯದ ಸಂಸ್ಥೆ ಮತ್ತು ಸ್ನೇಹಿತರೇ ಕಟ್ಟಿಕೊಂಡ ತಂಡ, ಈ ಮೂರರ ಜೊತೆಗೂ ಬೇಸಿಗೆಯಲ್ಲಿ ಹತ್ತಿ ನೋಡಿದ್ದೇನೆ. ಖರ್ಚಾಗಲಿ ಊಟವಾಗಲಿ ಇವುಗಳ ನಡುವಿನ ದೊಡ್ಡ ವ್ಯತ್ಯಾಸವಲ್ಲ. ಬೆಳಗಿನ ನಾಲ್ಕು ಗಂಟೆಗಳನ್ನು ಯಾರು ಹೇಗೆ ಬಳಸುತ್ತಾರೆ ಎಂಬುದೇ ಮುಖ್ಯ.

ಆ ನಾಲ್ಕು ಗಂಟೆಗಳ ಲೆಕ್ಕ ಹೀಗಿದೆ. ಏಪ್ರಿಲ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರು ಗಂಟೆಯ ಸುಮಾರಿಗೆ. ಸಾವನದುರ್ಗದಂತಹ ಬೋಳು ಬಂಡೆಯ ಮೇಲೆ ಹತ್ತರ ಹೊತ್ತಿಗೆ ಅಂಗೈ ಊರಲಾಗುವುದಿಲ್ಲ, ನೆರಳಿಗೆ ಮರವೂ ಸಿಗುವುದಿಲ್ಲ. 2016ರ ಏಪ್ರಿಲ್‌ನಲ್ಲಿ ನಗರದಲ್ಲೇ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ತಲುಪಿತ್ತು. ಕಾದ ಕಲ್ಲಿನ ಮೇಲಿನ ಧಗೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಮಧ್ಯಾಹ್ನ ಕಳೆದರೆ ಮುಂಗಾರುಪೂರ್ವದ ಗುಡುಗು ಸಿಡಿಲಿನ ಭಯ ಬೇರೆ. ಆದರೂ ಬೇಸಿಗೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುವ ಇದೇ ಬಂಡೆ, ಒಣಗಿದಾಗ ಶೂಗಳಿಗೆ ಒಳ್ಳೆಯ ಹಿಡಿತ ಕೊಡುತ್ತದೆ.

ಶುಲ್ಕ ಪಡೆಯುವ ಸಂಸ್ಥೆಗಳು ಹೊಸಬರಿಗೆ ಸಲೀಸು. ಫೋನಿನಲ್ಲೇ ಹಣ ಕಟ್ಟಿದರೆ ಟೆಂಪೋ ಟ್ರಾವೆಲರ್ ಮನೆಯ ಹತ್ತಿರದ ಪಿಕಪ್ ಪಾಯಿಂಟ್‌ಗೆ ಬರುತ್ತದೆ, ಅನುಮತಿ ಬೇಕಾದ ಕಡೆ ಆನ್‌ಲೈನ್ ಬುಕಿಂಗ್‌ನ ತಲೆನೋವೂ ನಮ್ಮದಲ್ಲ. ಆದರೆ ಗಾಡಿ ಊರಿನ ನಾಲ್ಕಾರು ಕಡೆ ನಿಂತು, ತಡವಾಗಿ ಬರುವವರಿಗೆ ಕಾದು, ದಾರಿಯಲ್ಲಿ ತಟ್ಟೆ ಇಡ್ಲಿಗೆಂದು ಮತ್ತೊಮ್ಮೆ ನಿಂತು ಬೆಟ್ಟದ ಬುಡ ಸೇರುವಾಗ ಎಂಟೂವರೆಯಾಗಿರುತ್ತದೆ, ಅಂದರೆ ತಂಪು ಹೊತ್ತಿನ ಬಹುಪಾಲು ಹೆದ್ದಾರಿಯಲ್ಲೇ ಕಳೆದಿರುತ್ತದೆ. (ಇಡ್ಲಿಯ ಬಗ್ಗೆ ನನಗೆ ಯಾವ ದೂರೂ ಇಲ್ಲ, ಅದನ್ನು ಇಳಿದ ಮೇಲೆ ತಿನ್ನಬಹುದು.) ಸ್ಕಂದಗಿರಿಗೆ ನಡುರಾತ್ರಿ ಹೊರಟು ಸೂರ್ಯೋದಯ ತೋರಿಸುವ ತಂಡಗಳು ಬಿಸಿಲನ್ನೇನೋ ತಪ್ಪಿಸುತ್ತವೆ, ಆದರೆ ನಿದ್ದೆಗೆಟ್ಟವರನ್ನು ಕಡಿದಾದ ಹಾದಿಯಲ್ಲಿ ಇಳಿಸುವುದು ಬೇರೆಯದೇ ಅಪಾಯ. ಎಲ್ಲಕ್ಕಿಂತ ನನ್ನನ್ನು ಕಾಡುವ ಸಂಗತಿಯೆಂದರೆ, ಹಣ ಕೊಟ್ಟು ಬಂದವರಿಗೆ ‘ಇಲ್ಲಿಂದ ಹಿಂದಿರುಗೋಣ’ ಎಂದು ಹೇಳುವುದು ಇಪ್ಪತ್ತೆರಡರ ಹರೆಯದ ಟ್ರೆಕ್ ಲೀಡ್‌ಗೆ ಸುಲಭವಲ್ಲ.

ಕ್ಲಬ್ಬಿನಲ್ಲಿ ಆ ಮುಜುಗರವಿಲ್ಲ. ಬಸ್ಸಿನ ಖರ್ಚು ಹಂಚಿಕೊಂಡು ಬಂದವರಿಗೆ ಶಿಖರ ತಲುಪಿಸುವ ಹಂಗು ಯಾರಿಗೂ ಇರುವುದಿಲ್ಲವಾದ್ದರಿಂದ, ನಾನು ಹೋಗುವ ಕ್ಲಬ್‌ನಲ್ಲಿ ಎಲ್ಲಿದ್ದರೂ ಹತ್ತು ಗಂಟೆಗೆ ಹಿಂದಿರುಗಬೇಕೆಂಬ ನಿಯಮ ನಿಜಕ್ಕೂ ಪಾಲನೆಯಾಗುತ್ತದೆ. ಹಾದಿ ಬಲ್ಲವರೊಬ್ಬರು ಮುಂದೆ, ಅನುಭವಿಯೊಬ್ಬರು ಕಟ್ಟಕಡೆಗೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ನಡಿಗೆಯೇ ಇಡೀ ತಂಡದ ನಡಿಗೆ. ಹೊರಡುವ ಮೊದಲೇ ಚೀಲಗಳನ್ನು ನೋಡಿ, ಮೂರು ಲೀಟರ್ ನೀರಿಲ್ಲದವರನ್ನು ಅಂಗಡಿಗೆ ಅಟ್ಟುತ್ತಾರೆ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದೆಂದು ಓಆರ್‌ಎಸ್ ಪೊಟ್ಟಣವನ್ನೋ ಉಪ್ಪು ಹಾಕಿದ ಮಜ್ಜಿಗೆಯನ್ನೋ ಕಡ್ಡಾಯ ಮಾಡಿದ್ದಾರೆ. ಕಲ್ಲುಗೋಡೆಗಳಲ್ಲಿ ಹೆಜ್ಜೇನು ಕಟ್ಟಿದ ಕಡೆ ಕೂಗಾಡಬಾರದು, ಹೊಗೆ ಎಬ್ಬಿಸಬಾರದು, ಸುಗಂಧ ಹಚ್ಚಿಕೊಂಡು ಬರಬಾರದು ಎಂಬ ಎಚ್ಚರಿಕೆಯನ್ನು ನಾನು ಮೊದಲು ಕೇಳಿದ್ದೂ ಇಲ್ಲಿಯೇ. ಕೊರತೆಗಳೂ ಇವೆ. ಹಿರಿಯ ಸದಸ್ಯರ ಉಪದೇಶ ಕೆಲವೊಮ್ಮೆ ಏರುದಾರಿಗಿಂತ ಆಯಾಸ ತರುತ್ತದೆ, ಮುಂಜಾನೆಯ ಮೊದಲ ಬಸ್ಸಿಗೆ ಮೆಜೆಸ್ಟಿಕ್ ತಲುಪುವುದು ನಗರದ ಇನ್ನೊಂದು ಅಂಚಿನವರಿಗೆ ಶಿಕ್ಷೆಯೇ ಸರಿ, ಮೊದಲ ಸಲ ಬಂದವರನ್ನು ಮಾತಿಗೆಳೆಯುವ ಅಭ್ಯಾಸವೂ ಹಳಬರಿಗೆ ಕಡಿಮೆ.

ಸ್ನೇಹಿತರ ತಂಡದ ಸುಖ ಎಲ್ಲರಿಗೂ ಗೊತ್ತಿರುವುದೇ. ತೊಂದರೆಯೆಂದರೆ ಅಲ್ಲಿ ಯಾರ ಮಾತೂ ಕೊನೆಯ ಮಾತಲ್ಲ. ಗಟ್ಟಿಗರು ಮುಂದೆ ಸಾಗಿ, ದಣಿದವರು ಹಿಂದೆ ಉಳಿದು, ಅರ್ಧ ಗಂಟೆಯೊಳಗೆ ತಂಡ ಎರಡಾಗುತ್ತದೆ. ಬಂಡೆಯ ಮೇಲೆ ಬರೆದ ಬಾಣದ ಗುರುತುಗಳನ್ನೇ ನಂಬಿ ಹತ್ತುವ ಸಾವನದುರ್ಗದಲ್ಲಿ ಒಂದು ಗುರುತು ತಪ್ಪಿದರೂ ಹಿಂದುಳಿದವರು ದಿಕ್ಕು ತಪ್ಪುತ್ತಾರೆ.

ಹಾಗಾಗಿ ಬೆಟ್ಟ ನೋಡಿ ಜೊತೆ ಆರಿಸಿಕೊಳ್ಳುವುದು ನನ್ನ ಕ್ರಮ. ಶಿವಗಂಗೆಗೆ ಸ್ನೇಹಿತರು ಸಾಕು. ಮೆಟ್ಟಿಲು, ಕಂಬಿಗಳಿವೆ, ದಾರಿಯುದ್ದಕ್ಕೂ ಯಾತ್ರಿಕರು ಮತ್ತು ಅಂಗಡಿಗಳಿರುತ್ತವೆ, ಕೋತಿಗಳಿಂದ ಬುತ್ತಿ ಕಾಪಾಡಿಕೊಂಡರಾಯಿತು. ಸಾವನದುರ್ಗ ಮತ್ತು ಮಾಕಳಿದುರ್ಗಗಳಿಗೆ ಬೇಸಿಗೆಯಲ್ಲಿ ಕ್ಲಬ್ ಬಿಟ್ಟು ಬೇರೆಯವರೊಂದಿಗೆ ಹೋಗಲು ನನಗೆ ಮನಸ್ಸಿಲ್ಲ. ಸ್ವಂತ ವಾಹನವಿಲ್ಲದ, ಯಾರ ಪರಿಚಯವೂ ಇಲ್ಲದ ಹೊಸಬರು ಶುಲ್ಕದ ತಂಡವನ್ನೇ ಆರಿಸಿಕೊಳ್ಳಬಹುದು, ಆದರೆ ಹಣ ಕಟ್ಟುವ ಮುನ್ನ ಎರಡು ಪ್ರಶ್ನೆ ಕೇಳಲಿ: ಹತ್ತಲು ಶುರು ಮಾಡುವುದು ಎಷ್ಟು ಗಂಟೆಗೆ, ತುದಿ ಮುಟ್ಟದಿದ್ದರೂ ಹಿಂದಿರುಗುವುದು ಎಷ್ಟು ಗಂಟೆಗೆ? ಎರಡನೆಯದಕ್ಕೆ ‘ಅಲ್ಲಿಗೆ ಹೋದ ಮೇಲೆ ನೋಡೋಣ’ ಎಂಬ ಉತ್ತರ ಬಂದರೆ ಆ ವಾರ ಬೇರೆ ತಂಡ ಹುಡುಕುವುದು ಲೇಸು.