58 ಸಿಸಿ ಚೈನ್‌ಸಾ: ಇಂಜಿನ್ ಗಟ್ಟಿ, ಆಯಿಲ್ ದಾರಿ ಮೇಲೆ ಕಣ್ಣಿಡಿ

ಬ್ರಹ್ಮಾವರದ ಹತ್ತಿರ ನಮ್ಮದು ತೆಂಗು, ಅಡಿಕೆ ತೋಟ. ಮಳೆಗಾಲದಲ್ಲಿ ಗಾಳಿಗೆ ಒಂದಾದರೂ ಮರ ಬೀಳುವುದು ಗ್ಯಾರಂಟಿ. ಅದಕ್ಕೆಂದೇ ಈ ಪೆಟ್ರೋಲ್ ಚೈನ್‌ಸಾ ತೆಗೆದುಕೊಂಡದ್ದು. 58 ಸಿಸಿ, 18 ಇಂಚಿನ ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ). ವರ್ಷಗಳಿಂದ ಬಳಸುತ್ತಿದ್ದೇನೆ. ಮಾವು, ಹಲಸು, ಅಕೇಶಿಯಾ ಎಲ್ಲ ಕೊಯ್ದಿದೆ, ಇಂಜಿನ್ ಒಮ್ಮೆಯೂ ಕೈಕೊಟ್ಟಿಲ್ಲ. ತಲೆನೋವು ಒಂದೇ: ಬಾರ್‌ಗೆ ಆಯಿಲ್ ಸರಿಯಾಗಿ ಬರುವುದಿಲ್ಲ.

ಇದು ಶುರುವಾದರೆ ಬೇಗ ಗೊತ್ತಾಗುತ್ತದೆ. ಈಗಷ್ಟೇ ಬಿಗಿ ಮಾಡಿದ ಚೈನ್ ಬಿಸಿಯಾಗಿ ಮತ್ತೆ ಜೋಲುತ್ತದೆ. ಬಾರ್‌ನ ಅಂಚು ನೀಲಿಗಟ್ಟುತ್ತದೆ. ಇನ್ನೊಂದು ಗುರುತು ಇನ್ನೂ ಸುಲಭ. ಪೆಟ್ರೋಲ್ ಟ್ಯಾಂಕ್ ಖಾಲಿಯಾಗುವಾಗ ಆಯಿಲ್ ಟ್ಯಾಂಕ್ ಕೂಡ ಹೆಚ್ಚುಕಡಿಮೆ ತಳ ಕಾಣಬೇಕು. ಅರ್ಧಕ್ಕಿಂತ ಜಾಸ್ತಿ ಉಳಿದಿದ್ದರೆ ಎಲ್ಲೋ ಕಟ್ಟಿಕೊಂಡಿದೆ ಅಂತಲೇ ಅರ್ಥ. ಅನುಮಾನ ಇದ್ದರೆ ಬಾರ್‌ನ ತುದಿಯನ್ನು ಒಂದು ರಟ್ಟಿನ ಮೇಲೆ, ತಾಗದ ಹಾಗೆ ಹಿಡಿದು ರೇಸ್ ಮಾಡಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಬೇಕು.

ಸರ್ವಿಸ್‌ನವರು ನೋಡಿದ ಕೂಡಲೇ ಆಯಿಲ್ ಪಂಪ್ ಹೋಗಿದೆ, ಬದಲಿಸಬೇಕು ಅಂದರು. ನಾನು ಒಪ್ಪಲಿಲ್ಲ. ಮನೆಗೆ ತಂದು ಪಕ್ಕದ ಕವರ್ ಬಿಚ್ಚಿ ನೋಡಿದರೆ, ತೆಂಗಿನ ಮರದ ನಾರುಹುಡಿ ಎಣ್ಣೆ ಕುಡಿದು ಕಂಬಳಿಯ ಹಾಗೆ ಒತ್ತಿಕೊಂಡು ಕೂತಿತ್ತು. ಮೆಷಿನ್‌ನಿಂದ ಆಯಿಲ್ ಹೊರಬರುವ ತೂತು ಅದರಡಿ ಮುಚ್ಚಿಹೋಗಿತ್ತು. ಬೇರೆ ಮರದ ಹುಡಿ ಉದುರಿ ಹೋಗುತ್ತದೆ, ತೆಂಗಿನದ್ದು ಅಂಟುತ್ತದೆ. ಅದರಲ್ಲೂ ಹಸಿ ಮರ ಕೊಯ್ದರೆ ಕೇಳುವುದೇ ಬೇಡ.

ಬಾರ್‌ನಲ್ಲಿಯೂ ಒಂದು ಸಣ್ಣ ತೂತು ಉಂಟು, ಬುಡದ ಹತ್ತಿರ. ಮೆಷಿನ್‌ನ ತೂತಿನಿಂದ ಆಯಿಲ್ ಇದಕ್ಕೆ ಬಂದು, ಚೈನ್ ಓಡುವ ಸೀಳಿಗೆ ಇಳಿಯುತ್ತದೆ. ಆ ತೂತಿಗೆ ತೆಳು ತಂತಿ ತೂರಿಸಿ ಕಸ ತೆಗೆದೆ. ಸೀಳನ್ನು ಹಳೆಯ ಆಕ್ಸಾ ಬ್ಲೇಡ್ ತುಂಡಿನಿಂದ ಉದ್ದಕ್ಕೂ ಕೆರೆದೆ. ಮಸಿಯಂಥ ಕಪ್ಪು ಹಿಟ್ಟು ಬರುತ್ತಲೇ ಇತ್ತು. ಬಾರ್ ತಿರುವಿ ಹಾಕಿದೆ, ಎರಡೂ ಅಂಚು ಸಮನಾಗಿ ಸವೆಯಲಿ ಅಂತ. ಮತ್ತೆ ರಟ್ಟಿನ ಮೇಲೆ ಹಿಡಿದರೆ ಎಣ್ಣೆಯ ಗೆರೆ ಸ್ಪಷ್ಟವಾಗಿ ಬಿತ್ತು. ಪಂಪ್‌ಗೆ ಏನೂ ಆಗಿರಲಿಲ್ಲ.

ಇಷ್ಟು ಮಾಡಿಯೂ ಆಯಿಲ್ ಬಾರದಿದ್ದರೆ ಬಾರ್, ಚೈನ್ ಎರಡನ್ನೂ ಕಳಚಿ, ಕೈ ದೂರ ಇಟ್ಟು, ಸ್ವಲ್ಪ ಹೊತ್ತು ರೇಸ್ ಮಾಡಿ. ಮೆಷಿನ್‌ನ ತೂತಿನಿಂದ ಆಯಿಲ್ ಬಂದರೆ ದೋಷ ಬಾರ್‌ನದ್ದು. ಬಾರದಿದ್ದರೆ ಆಯಿಲ್ ಟ್ಯಾಂಕ್ ಒಳಗಿನ ಫಿಲ್ಟರ್ ಅನ್ನು ಕೊಕ್ಕೆ ಹಾಕಿ ಎಳೆದು ಪೆಟ್ರೋಲ್‌ನಲ್ಲಿ ತೊಳೆಯಿರಿ, ಪೈಪ್ ಒಡೆದಿದೆಯಾ ನೋಡಿ. ಆಯಿಲ್ ಮುಚ್ಚಳ ಸಡಿಲ ಮಾಡಿದಾಗ ಮಾತ್ರ ಹರಿದರೆ ಟ್ಯಾಂಕ್‌ಗೆ ಗಾಳಿ ಹೋಗುವ ತೂತು ಕಟ್ಟಿದೆ. ಪಂಪ್ ತಿರುಗಿಸುವ ಹಲ್ಲಿನ ಗೇರ್ ಇದರಲ್ಲಿ ಪ್ಲಾಸ್ಟಿಕ್. ಚೈನ್ ಬ್ರೇಕ್ ಹಾಕಿ ರೇಸ್ ಮಾಡಿದರೆ ಕ್ಲಚ್‌ನ ಬಿಸಿಗೆ ಈ ಗೇರ್ ಕರಗುತ್ತದೆ, ಹಾಗೆ ಮಾಡಲೇಬೇಡಿ.

ಆಯಿಲ್ ವಿಷಯದಲ್ಲಿ ನನಗೆ ಬೇಸರ ಉಂಟು. ಬೈಕಿನಿಂದ ತೆಗೆದ ಹಳೆ ಇಂಜಿನ್ ಆಯಿಲ್ ಸಾಕು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಕಬ್ಬಿಣದ ಪುಡಿ, ಮಸಿ ಇರುತ್ತದೆ, ಫಿಲ್ಟರ್ ಕಟ್ಟುತ್ತದೆ. ಚೈನ್‌ನಿಂದ ಸಿಡಿದ ಅಷ್ಟೂ ಎಣ್ಣೆ ತೋಟದ ಮಣ್ಣಿಗೇ ಬೀಳುವುದು, ಬಾವಿ ಪಕ್ಕದಲ್ಲೇ ಉಂಟಲ್ವಾ? ತೆಂಗಿನೆಣ್ಣೆಯೂ ಬೇಡ. ಅದು 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ, ಡಿಸೆಂಬರ್ ಬೆಳಿಗ್ಗೆ ಪೈಪ್‌ನಲ್ಲೇ ಕೂರುತ್ತದೆ. ಬಾರ್ ಆಯಿಲ್ ಅಂತಲೇ ಸಿಗುವುದನ್ನು ಹಾಕಿ. ಅದಕ್ಕೆ ಅಂಟುಗುಣ ಇರುತ್ತದೆ, ಚೈನ್ ಎಷ್ಟು ಜೋರು ಓಡಿದರೂ ಬೇಗ ಸಿಡಿದು ಹೋಗುವುದಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಇದೇ ಮೆಷಿನ್‌ಗೆ 22 ಇಂಚಿನ ಬಾರ್ ಹಾಕಿಯೂ ಕೊಡುತ್ತಾರೆ. ನನ್ನ ಮಟ್ಟಿಗೆ ಅದು ಬೇಡ. ಬಾರ್ ಉದ್ದವಾದಷ್ಟೂ ಆಯಿಲ್ ಜಾಸ್ತಿ ಬೇಕು, ಈ ಪಂಪ್ 18 ಇಂಚಿಗೆ ಸರಿಹೋಗುತ್ತದೆ. ಆಯಿಲ್ ಹೆಚ್ಚುಕಡಿಮೆ ಮಾಡುವ ಸ್ಕ್ರೂ ಅಡಿಯಲ್ಲಿದೆ, ತೆಂಗು ಕೊಯ್ಯುವಾಗ ನಾನು ಅದನ್ನು ಪೂರ್ತಿ ತೆರೆದೇ ಇಡುತ್ತೇನೆ.