ಹೆಲ್ಮೆಟ್ ಸ್ಪೀಕರ್: ಎರಡು ವರ್ಷ ಬಳಸಿದ ಮೇಲೆ

ಹದಿನೈದು ದಿನಕ್ಕೊಮ್ಮೆ ಬೆಂಗಳೂರಿನಿಂದ ಹಾಸನಕ್ಕೆ ಬೈಕಿನಲ್ಲಿ ಹೋಗಿಬರುತ್ತೇನೆ. ಒಂದು ಕಡೆಗೆ ಸುಮಾರು 185 ಕಿಲೋಮೀಟರ್. ಹೆಲ್ಮೆಟ್ ಒಳಗೆ ಕೂರಿಸುವ ಬ್ಲೂಟೂತ್ ಸೆಟ್ ತೆಗೆದುಕೊಂಡು ಎರಡು ವರ್ಷ ದಾಟಿತು. 40 ಮಿಲಿಮೀಟರಿನ ಎರಡು ಸ್ಪೀಕರ್, ಒಂದು ಮೈಕ್, ಹೊರಗೆ ಅಂಟಿಸುವ ಪುಟ್ಟ ಡಬ್ಬಿ, ಅಷ್ಟೇ.

ಮೊದಲ ತಿಂಗಳು ದುಡ್ಡು ದಂಡ ಅನ್ನಿಸಿತ್ತು. ನೆಲಮಂಗಲ ದಾಟಿ ವೇಗ 80 ಮುಟ್ಟಿದರೆ ಹಾಡು ಮಾಯ. ವಾಲ್ಯೂಮ್ ಪೂರ್ತಿ ಏರಿಸಿದರೂ ಗಾಳಿಯದೇ ದರ್ಬಾರು. ಊರು ಸೇರಿ ಹೆಲ್ಮೆಟ್ ತೆಗೆದರೆ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಅಮ್ಮ ಊಟಕ್ಕೆ ಎರಡೆರಡು ಸಲ ಕೂಗಬೇಕಿತ್ತು.

ಆಮೇಲೆ ಗೊತ್ತಾಯ್ತು, ನಾನು ಸ್ಪೀಕರ್ ಕೂರಿಸಿದ ಜಾಗವೇ ತಪ್ಪು. ಅದು ಕಿವಿಯ ತೂತಿಗೆ ನೇರ ಎದುರಿಗೆ ಇರಬೇಕು. ಹೆಲ್ಮೆಟ್ ಹಾಕಿಕೊಂಡು, ತೋರುಬೆರಳಿಗೆ ಒದ್ದೆ ಅರಿಶಿನ ಹಚ್ಚಿ, ಕೆಳಗಿನಿಂದ ಒಳಗೆ ತೂರಿಸಿ ಕಿವಿಯ ತೂತು ಹುಡುಕಿದೆ. ಅಲ್ಲೇ ಬೆರಳು ಹೊರಳಿಸಿ ಒಳಬಟ್ಟೆಗೆ ಒತ್ತಿದೆ. ತೆಗೆದು ನೋಡಿದರೆ ಹಳದಿ ಚುಕ್ಕೆ ನನ್ನ ಸ್ಪೀಕರಿಗಿಂತ ಒಂದೂವರೆ ಬೆರಳು ಮೇಲಿತ್ತು! ಜಾಗ ಬದಲಿಸಿ, ಹಿಂದೆ ತೆಳು ಸ್ಪಂಜು ಇಟ್ಟು ಕಿವಿಯ ಹತ್ತಿರಕ್ಕೆ ತಂದೆ. ಅದೇ ಸೆಟ್, ಆದರೆ ಬೇರೆಯದೇ ಅನ್ನುವಷ್ಟು ವ್ಯತ್ಯಾಸ. ಜಾಗ ಸಾಲದು ಅಂತ ಒಳಗಿನ ಥರ್ಮಾಕೋಲ್ ಮಾತ್ರ ಕೊರೆಯಬೇಡಿ. ಬಿದ್ದಾಗ ತಲೆ ಕಾಯುವುದು ಅದೇ.

ಇನ್ನೊಂದು, ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್. ಕಿವಿ ಮುಚ್ಚಿಕೊಂಡು ಹಾಡು ಕೇಳೋದು ಹೇಗೆ ಅಂತ ನನಗೂ ಅನ್ನಿಸಿತ್ತು. ಆದರೆ ಅದು ಗಾಳಿಯ ಮೊರೆತವನ್ನು ತಗ್ಗಿಸುತ್ತದೆ, ಸ್ಪೀಕರಿನ ದನಿ ಬಿಡಿಯಾಗಿ ಕೇಳುತ್ತದೆ. ಹಾರ್ನ್ ಕೂಡ ಕೇಳುತ್ತದೆ. 100ರ ವೇಗದಲ್ಲಿ ಹೆಲ್ಮೆಟ್ ಒಳಗೆ ಗಾಳಿಯ ಸದ್ದೇ 100 ಡೆಸಿಬೆಲ್ ಹತ್ತಿರ ಹೋಗಬಹುದು. 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ ಕಿವಿ ತಡೆದುಕೊಳ್ಳಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧರ್ಧ ಆಗುತ್ತದೆ. 100ಕ್ಕೆ ಉಳಿಯೋದು ಬರೀ 15 ನಿಮಿಷ. ಅದರ ಮೇಲೆ ಹಾಡನ್ನೂ ಜೋರಾಗಿ ಸುರಿದರೆ ಕಿವಿಯ ಗತಿ ಏನು? ಈಗ ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಹೋಗೋದೇ ಇಲ್ಲ. ಅಮ್ಮ ಒಂದೇ ಸಲ ಕೂಗಿದರೆ ಸಾಕು.

ಏನು ಕೇಳೋದು ಅನ್ನೋದೂ ಮುಖ್ಯ. ಗಾಳಿಯ ಸದ್ದು ಹೆಚ್ಚಾಗಿ ತಗ್ಗಿನ ಶ್ರುತಿಯ, ಗುಂ ಅನ್ನುವ ದನಿ. ಹಾಗಾಗಿ ತಬಲದ ಡಗ್ಗಾ ಅದರಲ್ಲೇ ಕರಗಿಹೋಗುತ್ತದೆ. ಕೊಳಲು, ಭಾವಗೀತೆ, ಯಕ್ಷಗಾನದ ಚಂಡೆ ಚೆನ್ನಾಗಿ ಕೇಳುತ್ತವೆ. ಮಾತುಕತೆಯ ಪಾಡ್‌ಕಾಸ್ಟ್ ಇನ್ನೂ ಚೆನ್ನ. ಕುಣಿಗಲ್‌ನಿಂದ ಚನ್ನರಾಯಪಟ್ಟಣದ ತನಕ ಒಂದು ಪಾಡ್‌ಕಾಸ್ಟ್ ಆರಾಮಾಗಿ ಮುಗಿಯುತ್ತದೆ. ಪೇಟೆಯ ಟ್ರಾಫಿಕ್ಕಿನಲ್ಲೂ ಘಾಟಿಯಲ್ಲೂ ನಾನು ಪೂರ್ತಿ ಆಫ್ ಮಾಡುತ್ತೇನೆ.

ಬ್ಯಾಟರಿ ಮೊದಲು ಹತ್ತು ಗಂಟೆ ಬರುತ್ತಿತ್ತು, ಈಗ ಆರು. ಅದು ಪರವಾಗಿಲ್ಲ. ನನಗೆ ಬೇಜಾರಾಗಿದ್ದು ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳದಿಂದ. ಒಂದೇ ವರ್ಷಕ್ಕೆ ಸಡಿಲವಾಯ್ತು. ಸಕಲೇಶಪುರದ ಮಳೆಯಲ್ಲಿ ನೀರು ಒಳಹೊಕ್ಕು ಸೆಟ್ ಸತ್ತೇಹೋಯ್ತು. ರಿಪೇರಿಯಾಗಿ ಬರಲು ಮೂರು ವಾರ ಹಿಡಿಯಿತು. ಮಳೆ ತಡೆಯುತ್ತದೆ ಅಂತ ಹೇಳಿ ಮಾರಿದವರು ಮುಚ್ಚಳ ಸರಿಯಾಗಿ ಮಾಡಬೇಡವೇ? ಈಗ ಮಳೆಗಾಲದಲ್ಲಿ ಅದರ ಮೇಲೆ ಇನ್ಸುಲೇಷನ್ ಟೇಪ್ ಸುತ್ತುತ್ತೇನೆ. ಇದು ಕೆಟ್ಟರೆ ಇಂಥದ್ದೇ ಇನ್ನೊಂದು ಕೊಳ್ಳುತ್ತೇನೆ, ಆದರೆ ಅಂಗಡಿಯಲ್ಲೇ ಆ ಮುಚ್ಚಳ ನಾಲ್ಕು ಸಲ ತೆಗೆದು ಹಾಕಿ ನೋಡಿದ ಮೇಲೆ.