ವಿಂಡೋ ಮುಚ್ಚಿದರೂ ಕೆಲಸ ನಡೆಯಬೇಕು: ಲಿನಕ್ಸ್‌ನಲ್ಲಿ ಮೂರು ದಾರಿ

ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳಿಂದ ಪಠ್ಯ ತೆಗೆಯಲು ನಾನು ಟೆಸರಾಕ್ಟ್ ಎಂಬ ಸಾಫ್ಟ್‌ವೇರ್ ಬಳಸುತ್ತೇನೆ. ಅದಕ್ಕೆ ಪೈಥಾನ್ ಭಾಷೆ ಮತ್ತು ಕ್ಯೂಟಿಯಲ್ಲಿ (ವಿಂಡೋ, ಬಟನ್ ಕಟ್ಟುವ ಲೈಬ್ರರಿ) ಒಂದು ಪುಟ್ಟ ಪ್ರೋಗ್ರಾಮ್ ಬರೆದುಕೊಂಡಿದ್ದೇನೆ. ಫೋಲ್ಡರ್ ಆರಿಸಿ ಬಟನ್ ಒತ್ತಿದರೆ ಒಂದು ಶೆಲ್ ಸ್ಕ್ರಿಪ್ಟ್ (ಪುಟಗಳ ಮೇಲೆ ಟೆಸರಾಕ್ಟ್ ಓಡಿಸುವ ಕಮಾಂಡ್‌ಗಳ ಫೈಲ್) ಶುರುವಾಗುತ್ತದೆ. ದಪ್ಪ ಪುಸ್ತಕವಾದರೆ ಗಂಟೆಗಟ್ಟಲೆ ಓಡುತ್ತದೆ. ಅಷ್ಟು ಹೊತ್ತು ಅದನ್ನು ನೋಡಿಕೊಳ್ಳುವವರು ಯಾರು ಅನ್ನುವುದೇ ಪ್ರಶ್ನೆ.

ಮೊದಲ ದಾರಿ ಕ್ಯೂಪ್ರೊಸೆಸ್, ಅಂದರೆ ಬೇರೆ ಪ್ರೋಗ್ರಾಮ್ ಓಡಿಸಲು ಕ್ಯೂಟಿಯೇ ಕೊಡುವ ಸಾಧನ. ಬರೆಯಲು ಬಲು ಸುಲಭ. ಔಟ್‌ಪುಟ್ ಬಂದರೆ ನಮ್ಮ ಪ್ರೋಗ್ರಾಮಿಗೆ ಸಿಗ್ನಲ್ (ಸೂಚನೆ), ಮುಗಿದರೆ ಎಕ್ಸಿಟ್ ಕೋಡ್ (ಸರಿಯಾಯಿತೋ ಇಲ್ಲವೋ ಹೇಳುವ ಸಂಖ್ಯೆ) ಸಮೇತ ಇನ್ನೊಂದು ಸಿಗ್ನಲ್. ಇದೇ ಕೆಲಸಕ್ಕಿರುವ ಪೈಥಾನ್‌ನ ಸಬ್‌ಪ್ರೊಸೆಸ್‌ಗೆ ಪೈಪ್ (ಔಟ್‌ಪುಟ್ ಹರಿದು ಬರುವ ದಾರಿ) ಕೊಟ್ಟು ಓದದೇ ಬಿಟ್ಟರೆ, 64 ಕೆಬಿ ತುಂಬಿದ ಮೇಲೆ ಆ ಕಡೆಯ ಸ್ಕ್ರಿಪ್ಟ್ ಬರೆಯಲಾಗದೆ ನಿಂತುಬಿಡುತ್ತದೆ. ಕ್ಯೂಪ್ರೊಸೆಸ್‌ನಲ್ಲಿ ಆ ಕಾಟ ಇಲ್ಲ. ಆದರೆ ಪ್ರೋಗ್ರಾಮ್ ಮುಚ್ಚಿದಿರೋ, ಸ್ಕ್ರಿಪ್ಟೂ ಸತ್ತಂತೆ. ಅರ್ಧ ಪುಸ್ತಕ ಅಲ್ಲೇ ಬಾಕಿ.

ಹಾಗಾದರೆ ಕ್ಯೂಪ್ರೊಸೆಸ್‌ನದೇ ಸ್ಟಾರ್ಟ್‌ಡಿಟ್ಯಾಚ್ಡ್, ಅಂದರೆ ಕೆಲಸವನ್ನು ನಮ್ಮ ಪ್ರೋಗ್ರಾಮಿನಿಂದ ಬಿಡಿಸಿ ಓಡಿಸುವ ದಾರಿ? ಕೆಲಸ ಉಳಿಯುತ್ತದೆ, ಸುದ್ದಿ ಬರುವುದಿಲ್ಲ. ಕೈಗೆ ಸಿಗುವುದು ಪಿಐಡಿ (ಓಡುತ್ತಿರುವ ಪ್ರತಿ ಪ್ರೊಸೆಸ್‌ಗೂ ಸಿಸ್ಟಮ್ ಕೊಡುವ ನಂಬರ್) ಒಂದೇ. ಆ ನಂಬರ್ ನಾಳೆ ಬೇರೆ ಯಾವುದೋ ಪ್ರೊಸೆಸ್‌ಗೆ ಹೋಗಿರಬಹುದು. ನಿಲ್ಲಿಸುವುದು ಇನ್ನೂ ತಲೆನೋವು. ನನ್ನ ಸ್ಕ್ರಿಪ್ಟ್ ಎಕ್ಸಾರ್ಗ್ಸ್ (ಪಟ್ಟಿಯ ಫೈಲ್‌ಗಳನ್ನು ಇನ್ನೊಂದು ಕಮಾಂಡ್‌ಗೆ ಹಂಚುವ ಕಮಾಂಡ್) ಮೂಲಕ ನಾಲ್ಕು ಪುಟಗಳನ್ನು ಒಟ್ಟಿಗೆ ಓಡಿಸುತ್ತದೆ. ಪಿಐಡಿ ಹಿಡಿದು ಸ್ಕ್ರಿಪ್ಟನ್ನು ಕೊಂದರೂ ಎಕ್ಸಾರ್ಗ್ಸ್ ತನ್ನ ಪಾಡಿಗೆ ಉಳಿದ ಪುಟಗಳನ್ನೆಲ್ಲ ಮುಗಿಸುತ್ತಾ ಕೂರುತ್ತದೆ. ಫ್ಯಾನ್ ಸದ್ದು ಕೇಳಿದರೆ ಗೊತ್ತಾಗುತ್ತದೆ, ಅಲ್ವಾ!

ನನಗೆ ಒಗ್ಗಿದ್ದು ಮೂರನೆಯ ದಾರಿ: ಸಿಸ್ಟಮ್‌ಡಿ-ರನ್ ಕಮಾಂಡ್, --user ಆಯ್ಕೆಯ ಜೊತೆ. ಸಿಸ್ಟಮ್‌ಡಿ ಅಂದರೆ ಲಿನಕ್ಸ್‌ನಲ್ಲಿ ಹಿನ್ನೆಲೆಯ ಕೆಲಸಗಳನ್ನು ನೋಡಿಕೊಳ್ಳುವ ವ್ಯವಸ್ಥೆ. ಕೆಲಸಕ್ಕೆ ಒಂದು ಹೆಸರು ಕೊಡುತ್ತೇವೆ, ಆಮೇಲೆ ಅದು ಸಿಸ್ಟಮ್‌ಡಿಯ ಜವಾಬ್ದಾರಿ. ಪ್ರೋಗ್ರಾಮ್ ಮುಚ್ಚಿ, ಸಂಜೆ ತೆರೆದು, ಅದೇ ಹೆಸರಲ್ಲಿ ವಿಚಾರಿಸಬಹುದು. ಸ್ಟಾಪ್ ಅಂದರೆ ಸ್ಕ್ರಿಪ್ಟ್, ಎಕ್ಸಾರ್ಗ್ಸ್, ಟೆಸರಾಕ್ಟ್ ಎಲ್ಲವೂ ಒಂದೇ ಸಿಗ್ರೂಪ್‌ನಲ್ಲಿ (ಪ್ರೊಸೆಸ್‌ಗಳ ಗುಂಪು) ಇರುವುದರಿಂದ ಎಲ್ಲಕ್ಕೂ ಸಿಗ್‌ಟರ್ಮ್ (ನಿಲ್ಲು ಎಂಬ ಕೋರಿಕೆ) ಹೋಗುತ್ತದೆ. ಕೇಳದಿದ್ದರೆ, ಬೇರೆ ಸೆಟ್ಟಿಂಗ್ ಇಲ್ಲದಿದ್ದಲ್ಲಿ, 90 ಸೆಕೆಂಡಿನ ನಂತರ ಸಿಗ್‌ಕಿಲ್, ಅಂದರೆ ಬಲವಂತದ ಅಂತ್ಯ. ಔಟ್‌ಪುಟ್ ಸಿಸ್ಟಮ್‌ಡಿಯ ಜರ್ನಲ್‌ನಲ್ಲಿ (ದಾಖಲೆ ಪುಸ್ತಕ) ಸಿಗುತ್ತದೆ. ಸಿಪಿಯು ಮಿತಿಯನ್ನೂ ಹಾಕಬಹುದು.

ಕಿರಿಕಿರಿ ಇಲ್ಲ ಅಂತಲ್ಲ. ಟರ್ಮಿನಲ್‌ನಲ್ಲಿ ನಾವು ಇಟ್ಟ ಎನ್ವಿರಾನ್‌ಮೆಂಟ್ (ಪ್ರೋಗ್ರಾಮ್‌ಗಳು ಓದುವ ಸೆಟ್ಟಿಂಗ್ ವೇರಿಯಬಲ್‌ಗಳು) ಅಲ್ಲಿಗೆ ತಾನಾಗಿ ಹೋಗುವುದಿಲ್ಲ. ಟೆಸರಾಕ್ಟ್‌ನ ಪ್ರತಿ ಪ್ರೊಸೆಸ್ಸೂ ತಾನೇ ಹಲವು ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆ) ಹಾಕುತ್ತದೆ. ನಾಲ್ಕು ಒಟ್ಟಿಗೆ ಓಡಿಸುವಾಗ ಅದನ್ನು ಒಂದಕ್ಕೆ ಇಳಿಸುವ ವೇರಿಯಬಲ್‌ನ್ನು ಸಿಸ್ಟಮ್‌ಡಿ-ರನ್‌ನ ಸೆಟ್‌ಎನ್ವ್ ಆಯ್ಕೆಯ ಮೂಲಕ ಕೊಡಲೇಬೇಕು. ಫೋಲ್ಡರ್ ಹೇಳದಿದ್ದರೆ ಹೋಮ್‌ನಲ್ಲೇ ಶುರುವಾಗುತ್ತದೆ. ಲಾಗೌಟ್ ಆದ ಮೇಲೂ ಓಡಬೇಕಿದ್ದರೆ ಲಿಂಗರ್ ಎಂಬ ಸೆಟ್ಟಿಂಗ್ ಆನ್ ಮಾಡಿಡಬೇಕು. ಪ್ರೋಗ್ರೆಸ್ ಬಾರ್‌ಗೆ ಸಿಗ್ನಲ್ ಇಲ್ಲ. ಅದಕ್ಕೆ ನಾನು ಫೋಲ್ಡರ್‌ನಲ್ಲಿ ಎಷ್ಟು ಪಠ್ಯ ಫೈಲ್ ಆಗಿವೆ ಅಂತ ಎಣಿಸುತ್ತೇನೆ. ಇದರಿಂದ ಇನ್ನೊಂದು ಲಾಭವೂ ಇದೆ: ಮತ್ತೆ ಶುರು ಮಾಡಿದಾಗ ಆಗಲೇ ಮುಗಿದ ಪುಟಗಳನ್ನು ಬಿಟ್ಟು ಮುಂದೆ ಹೋಗಬಹುದು.

ಟರ್ಮಿನಲ್ ಮುಚ್ಚಿದರೂ ಕೆಲಸ ಉಳಿಸುವ ಟಿಮಕ್ಸ್ ಚೆನ್ನಾಗಿದೆ, ಆದರೆ ಅದು ಕೀಬೋರ್ಡ್ ಮುಂದೆ ಕೂತ ಮನುಷ್ಯನಿಗೆ. ಪ್ರೋಗ್ರಾಮಿನಿಂದ ಅದರ ಪರದೆ ಓದುವುದು ಸುಮ್ನೆ ಕಷ್ಟ.

ಒಂದೇ ಪುಟ ಪರೀಕ್ಷಿಸಲು ಈಗಲೂ ಕ್ಯೂಪ್ರೊಸೆಸ್ಸೇ ಸಾಕು. ವಿಂಡೋಸ್‌ನಲ್ಲಿ ಸಿಸ್ಟಮ್‌ಡಿ ಇಲ್ಲ, ಹಾಗಾಗಿ ಅಲ್ಲಿ ಇಡೀ ಪುಸ್ತಕಕ್ಕೂ ಅದನ್ನೇ ಇಟ್ಟು, ಕ್ಲೋಸ್ ಒತ್ತಿದರೆ ಪ್ರೋಗ್ರಾಮ್ ಟ್ರೇಗೆ ಹೋಗಿ ಕೂರುವಂತೆ ಮಾಡಿದ್ದೇನೆ.